ಕಾಣದ ಫೈಲು

ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕೋದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡ್ಕೊಂಡು ಬಂದಿದ್ದೀನಿ. "ಬ್ಯಾಕಪ್ ತಗೊಂಡ್ರಾ? ಅದನ್ನ ವಾಪಸ್ ಹಾಕಿ ನೋಡಿದ್ರಾ?" ಅಂತ ಟೀಮಿನ ಹುಡುಗರ ತಲೆ ತಿನ್ನೋದೂ ನಾನೇ. ಅಂಥ ನಾನು 2016ರ ಮೇ ತಿಂಗಳಲ್ಲಿ ಶಿವಮೊಗ್ಗದ ನಮ್ಮ ಮನೆಯ ಊಟದ ಮೇಜಿನ ಮೇಲೆ ಅಪ್ಪನ ಆರು ವರ್ಷದ ಕೆಲಸವನ್ನ ಹತ್ತು ನಿಮಿಷದಲ್ಲಿ ಕಳೆದುಹಾಕಿದೆ. ಕಳೆದದ್ದು ಗೊತ್ತಾಗೋಕೆ ನನಗೆ ಒಂದೂವರೆ ವರ್ಷ ಬೇಕಾಯ್ತು. ಅಪ್ಪನಿಗೆ ಅವತ್ತು ಸಂಜೆಯೇ ಗೊತ್ತಾಗಿತ್ತು.

ಮೊದಲಿಂದ ಹೇಳ್ತೀನಿ.

ಅಪ್ಪ ಬ್ಯಾಂಕಿನಿಂದ ನಿವೃತ್ತನಾಗಿದ್ದು 2009ರಲ್ಲಿ. ಮರುವರ್ಷ ಒಂದು ಲ್ಯಾಪ್‌ಟಾಪು, ಒಂದು ಸ್ಕ್ಯಾನರು ತಗೊಂಡ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಹಾಗೆ ನಮ್ಮಲ್ಲೂ ಒಂದು ಟ್ರಂಕಿನ ತುಂಬ ಹಳೇ ಫೋಟೋಗಳಿದ್ದವು. ಕಪ್ಪು ಹಾಳೆಯ ಆಲ್ಬಮ್ಮು, ಮಧ್ಯೆ ಜೇಡರ ಬಲೆಯ ಚಿತ್ತಾರದ ತೆಳು ಕಾಗದ, ಮೂಲೆಗೆ ಅಂಟಿಸಿದ ತ್ರಿಕೋನ. ಅದಷ್ಟನ್ನೂ ಸ್ಕ್ಯಾನ್ ಮಾಡೋದು ಅಂತ ಅಪ್ಪ ಹಟ ಹಿಡಿದ. ದಿನಾ ರಾತ್ರಿ ಊಟ ಆದಮೇಲೆ ಒಂದು ಗಂಟೆ. ಟಿವಿಯಲ್ಲಿ ಅಮ್ಮನ ಧಾರಾವಾಹಿ, ಪಕ್ಕದಲ್ಲಿ ಸ್ಕ್ಯಾನರಿನ ಗುಂಯ್ ಸದ್ದು.

ಆಗ ಎಲ್ಲರೂ ಬಳಸುತ್ತಿದ್ದದ್ದು ಪಿಕಾಸಾ. ಗೂಗಲ್ ಅದನ್ನ 2004ರಲ್ಲಿ ಕೊಂಡು ಪುಕ್ಕಟೆ ಕೊಟ್ಟಿತ್ತು. ನಿಮ್ಮಲ್ಲಿ ಮೂವತ್ತು ದಾಟಿದವರಿಗೆ ನೆನಪಿರುತ್ತೆ. 2009ರಲ್ಲಿ ಅದಕ್ಕೆ ಮುಖ ಗುರುತು ಹಿಡಿಯುವ ವಿದ್ಯೆಯೂ ಬಂತು. ಫೋಟೋದಲ್ಲಿರೋ ಒಂದೊಂದು ಮುಖವನ್ನೂ ಕತ್ತರಿಸಿ ತೆಗೆದು "ಇವರು ಯಾರು?" ಅಂತ ಕೇಳೋದು. ಹೆಸರು ಬರೆದರೆ ಅದೇ ಮುಖ ಇರೋ ಬೇರೆ ಫೋಟೋ ತಂದು "ಇದೂ ಅವರೇನಾ?" ಅನ್ನೋದು. ಅಪ್ಪನಿಗೆ ಅದು ಹುಚ್ಚು ಹಿಡಿಸಿಬಿಡ್ತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ತಾಳೆ ನೋಡಿದ ಮನುಷ್ಯ. ಒಂದು ಮುಖ ಹೆಸರಿಲ್ಲದೆ ಉಳಿದರೂ ನಿದ್ದೆ ಬರ್ತಿರಲಿಲ್ಲ.

ಅಪ್ಪನಿಗೆ ಗೊತ್ತಿಲ್ಲದ ಮುಖಗಳಿಗೆ ದೊಡ್ಡತ್ತೆ ಇದ್ದಳು. ಅಪ್ಪನ ದೊಡ್ಡಕ್ಕ. ಅಪ್ಪನಿಗಿಂತ ಹದಿನಾರು ವರ್ಷ ದೊಡ್ಡವಳು. ತೀರ್ಥಹಳ್ಳಿ ಹತ್ತಿರದ ಹಳೇ ಮನೆಯಲ್ಲಿ ಅಪ್ಪ ಹುಟ್ಟೋ ಮೊದಲು ಬಂದು ಹೋದವರನ್ನೆಲ್ಲ ಕಂಡವಳು. ಪ್ರತಿ ಬೇಸಿಗೆಯಲ್ಲಿ ಹದಿನೈದು ದಿನ ಬಂದು ಇರ್ತಿದ್ದಳು. ಕನ್ನಡಕ ಒರೆಸಿಕೊಂಡು ಸ್ಕ್ರೀನಿನ ಹತ್ತಿರ ಬಗ್ಗಿ, "ಇದು ಕಮ್ಮರಡಿ ಅತ್ತೆಯ ಮೈದುನ ಕಣೋ. ನಂಗೆ ಪೆಪ್ಪರಮಿಂಟು ತಂದುಕೊಡ್ತಿದ್ದ. ಬರ್ಕೋ" ಅನ್ನೋಳು. ಅಪ್ಪ ಒಂದೊಂದೇ ಕೀ ಹುಡುಕಿ ಕನ್ನಡದಲ್ಲಿ ಟೈಪ್ ಮಾಡೋನು. "ಕಮ್ಮರಡಿ ಅತ್ತೆ ಮೈದುನ." ಹಾಗೆ ಐದಾರು ಬೇಸಿಗೆ.

2016ರ ಫೆಬ್ರವರಿಯಲ್ಲಿ ಗೂಗಲ್ ಪಿಕಾಸಾ ನಿಲ್ಲಿಸೋದಾಗಿ ಹೇಳಿತು. ಮಾರ್ಚ್ 15ರ ನಂತರ ಹೊಸ ಆವೃತ್ತಿ ಇಲ್ಲ, ರಿಪೇರಿ ಇಲ್ಲ. ಇದ್ದವರ ಕಂಪ್ಯೂಟರಲ್ಲಿ ಓಡ್ತಾ ಇರುತ್ತೆ, ಅಷ್ಟೇ. ಅಪ್ಪನ ಲ್ಯಾಪ್‌ಟಾಪಿಗೂ ಆಗ ಆರು ವರ್ಷ. ಫ್ಯಾನು ಗಿರಣಿ ಥರ ಕೂಗ್ತಿತ್ತು. ನಾನು ಹೊಸದೊಂದು ತಗೊಂಡು ಹೋದೆ. ಹಳೇದರಲ್ಲಿ ಫೋಟೋ ಇದ್ದ ಒಂದೊಂದೇ ಫೋಲ್ಡರ್ ತೆಗೆದು, ಒಳಗಿದ್ದದ್ದನ್ನೆಲ್ಲ ಆರಿಸಿ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿದೆ. ಅಪ್ಪನ ಫೋಲ್ಡರ್ ಹೆಸರುಗಳು ನನಗೆ ಹಿಡಿಸಿರಲಿಲ್ಲ. "ಹಳೇ ಮನೆ", "ಹಳೇ ಮನೆ 2", "ಅಕ್ಕ ತಂದಿದ್ದು", "ಇನ್ನೂ ನೋಡಬೇಕು". ನಾನು ಹೊಸದರಲ್ಲಿ ಇಸವಿ ಪ್ರಕಾರ ನೀಟಾಗಿ ಫೋಲ್ಡರ್ ಮಾಡಿ ಅದರೊಳಗೆ ಸುರಿದೆ. ಪಿಕಾಸಾದ ಹಳೇ ಸೆಟಪ್ ಫೈಲೂ ಇತ್ತು, ಹಾಕಿಕೊಟ್ಟೆ. ಫೋಟೋ ಎಣಿಸಿದೆ. ಅಲ್ಲೆಷ್ಟೋ ಇಲ್ಲೂ ಅಷ್ಟೇ. ಟೆಸ್ಟರ್ ಅಲ್ವಾ, ಎಣಿಸದೆ ಬಿಡ್ತೀನಾ? ಆಮೇಲೆ ಹಳೇ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ, ಮನೆಗೆಲಸಕ್ಕೆ ಬರೋರ ಮಗನಿಗೆ ಕಾಲೇಜಿಗೆ ಬೇಕು ಅಂತ ಅಮ್ಮ ಹೇಳಿದ್ದಕ್ಕೆ ಕೊಟ್ಟು, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದೆ.

ದೊಡ್ಡತ್ತೆ ತೀರಿಕೊಂಡಿದ್ದು 2017ರ ಕೊನೆಯಲ್ಲಿ. ವೈಕುಂಠ ಸಮಾರಾಧನೆ ದಿನ ಇಡೋಕೆ ಅವಳ ವಯಸ್ಸಿನ ಕಾಲದ ಒಂದು ಫೋಟೋ ಬೇಕು ಅಂತ ಭಾವ, ಅಂದ್ರೆ ಅವಳ ಮಗ, ಕೇಳಿದ. ಅದೇನು ಮಹಾ, ಹೆಸರು ಒತ್ತಿದರೆ ಬರುತ್ತಲ್ಲ ಅಂತ ಅಪ್ಪನ ಲ್ಯಾಪ್‌ಟಾಪ್ ತೆಗೆದು ಪಿಕಾಸಾದಲ್ಲಿ ಹುಡುಕಿದೆ. ಏನೂ ಬರಲಿಲ್ಲ. ಎಡಗಡೆ ಜನರ ಪಟ್ಟಿ ನೋಡಿದೆ. ಅಲ್ಲಿ ಒಂದೇ ಒಂದು ಗುಂಪು: ಹೆಸರಿಲ್ಲದವರು. ತೆಗೆದರೆ ಸಾವಿರಾರು ಮುಖ. ಅಜ್ಜ, ಅಜ್ಜಿ, ದೊಡ್ಡತ್ತೆ, ಪೆಪ್ಪರಮಿಂಟಿನ ಮೈದುನ, ನಾನು, ಎಲ್ಲರೂ ಸಾಲಾಗಿ ಚಿಕ್ಕ ಚಿಕ್ಕ ಚೌಕದಲ್ಲಿ, ಹೆಸರಿಲ್ಲದೆ.

"ಅಪ್ಪ, ಹೆಸರೆಲ್ಲ ಎಲ್ಲಿ ಹೋಯ್ತು?"

"ಅದು ಹೊಸ ಲ್ಯಾಪ್‌ಟಾಪಿಗೆ ಬರಲೇ ಇಲ್ವಲ್ಲೇ."

"ಯಾವಾಗಿಂದ?"

"ನೀನು ಹಾಕಿಕೊಟ್ಟ ದಿನದಿಂದ."

"ನಂಗೆ ಯಾಕೆ ಹೇಳಲಿಲ್ಲ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀನೇ ಮಾಡಿದ್ದು. ಕಂಪ್ಯೂಟರಿನವಳು. ಹೊಸದರಲ್ಲಿ ಹಂಗೇ ಇರೋದೇನೋ ಅಂದ್ಕೊಂಡೆ" ಅಂದ. ಆಮೇಲೆ, "ರಾತ್ರಿ ಬಸ್ಸಿಗೆ ಹೊರಟಿದ್ದೆ. ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಸುಮ್ನಾದೆ" ಅಂತಲೂ ಸೇರಿಸಿದ.

ಬೈದಿದ್ದರೆ ವಾಸಿಯಿತ್ತು. ಆ ಒಂದೂವರೆ ವರ್ಷದಲ್ಲಿ ಒಂದು ಬೇಸಿಗೆ ದೊಡ್ಡತ್ತೆ ಬಂದು ಹದಿನೈದು ದಿನ ಇದ್ದು ಹೋಗಿದ್ದಳು. ಅಪ್ಪ ಒಂದು ಮಾತು ಹೇಳಿದ್ದರೆ ಇನ್ನೊಮ್ಮೆ ಕೂತು ಬರೆಯಬಹುದಿತ್ತು. ನಾನು ಒಂದು ಮಾತು ಕೇಳಿದ್ದರೂ ಆಗ್ತಿತ್ತು.

ಬೆಂಗಳೂರಿಗೆ ವಾಪಸ್ ಬಂದಮೇಲೆ, ಆಫೀಸಿನಲ್ಲಿ ಬಗ್ ಒಂದರ ಬೇರು ಹುಡುಕೋ ಹಾಗೆ, ಏನಾಯ್ತು ಅಂತ ಹುಡುಕಿದೆ. ಫೋಟೋದ ಬಗ್ಗೆ ನಾವು ಬರೆಯುವ ಮಾತುಗಳು ಎಲ್ಲಿ ಕೂತಿರುತ್ತವೆ ಅನ್ನೋದನ್ನ ನಾನು ಅವತ್ತಿನವರೆಗೆ ಯೋಚನೆಯೇ ಮಾಡಿರಲಿಲ್ಲ. ಮೂರು ಜಾಗ ಇವೆ.

ಒಂದು, ಫೈಲಿನ ಒಳಗೆ. ಜೆಪೆಗ್ ಫೈಲ್ ಅಂದ್ರೆ ಬರೀ ಚಿತ್ರ ಅಲ್ಲ, ಮುಂದುಗಡೆ ಒಂದಷ್ಟು ಜೇಬುಗಳಿರುತ್ತವೆ. ಕ್ಯಾಮೆರಾ ತಾನಾಗಿ ತುಂಬೋ ಜೇಬು ಎಕ್ಸಿಫ್: ತೆಗೆದ ಹೊತ್ತು, ಲೆನ್ಸು, ಶಟರ್ ವೇಗ. ಪತ್ರಿಕೆಗಳು ಒಂದು ಊರಿಂದ ಇನ್ನೊಂದಕ್ಕೆ ಚಿತ್ರ ಕಳಿಸುವಾಗ ಅಡಿಬರಹ, ಕೀವರ್ಡು ಹಾಕೋಕೆ ಅಂತ 1990ರ ದಶಕದಲ್ಲಿ ಬಂದ ಜೇಬು ಐಪಿಟಿಸಿ. 2001ರಲ್ಲಿ ಅಡೋಬಿ ತಂದ, ಯಾವ ಭಾಷೆ ಬರೆದರೂ ಹಿಡಿಸೋ ದೊಡ್ಡ ಜೇಬು ಎಕ್ಸ್‌ಎಂಪಿ.

ಎರಡು, ಫೈಲಿನ ಪಕ್ಕದಲ್ಲಿ. ಅದೇ ಫೋಲ್ಡರಿನಲ್ಲಿ ಇನ್ನೊಂದು ಸಣ್ಣ ಫೈಲು.

ಮೂರು, ಎಲ್ಲೋ ದೂರದಲ್ಲಿ, ಸಾಫ್ಟ್‌ವೇರಿನ ಸ್ವಂತ ಡೇಟಾಬೇಸಿನಲ್ಲಿ. ಫೋಟೋ ನಿಮ್ಮದು, ಪುಸ್ತಕ ಅದರದು.

ಪಿಕಾಸಾ ಮೂರನ್ನೂ ಬಳಸ್ತಿತ್ತು. ಅಪ್ಪ ಜೆಪೆಗ್‌ಗೆ ಬರೆದ ಅಡಿಬರಹ, ಟ್ಯಾಗು ಫೈಲಿನ ಒಳಗೇ ಹೋಗಿದ್ದವು. ಹಾಗಾಗಿ ಅವು ಹೊಸ ಲ್ಯಾಪ್‌ಟಾಪಿನಲ್ಲೂ ಭದ್ರವಾಗಿದ್ದವು. ಆದರೆ ಮುಖದ ಹೆಸರು, ಸ್ಟಾರು, ಓರೆಯಾಗಿದ್ದ ಸ್ಕ್ಯಾನನ್ನ ನೇರ ಮಾಡಿದ್ದು, ಅಂಚು ಕತ್ತರಿಸಿದ್ದು, ಇದನ್ನೆಲ್ಲ ಅದು ಪ್ರತಿ ಫೋಲ್ಡರಿನೊಳಗೂ ಒಂದು ಪುಟ್ಟ ಫೈಲಿನಲ್ಲಿ ಬರೆದಿಡ್ತಿತ್ತು. ಹೆಸರು ಡಾಟ್ ಪಿಕಾಸಾ ಡಾಟ್ ಐಎನ್ಐ. ವಿಂಡೋಸ್‌ನಲ್ಲಿ ಅದು ಹಿಡನ್ ಫೈಲು, ಕಣ್ಣಿಗೆ ಕಾಣಲ್ಲ. ಕಾಣದ್ದನ್ನ ಕಂಟ್ರೋಲ್-ಎ ಆರಿಸಲ್ಲ. ಇಡೀ ಫೋಲ್ಡರನ್ನೇ ಎತ್ತಿ ಹಾಕಿದ್ದರೆ ಅದೂ ಜೊತೆಗೆ ಬರ್ತಿತ್ತು. ನಾನು ಫೋಲ್ಡರ್ ಬಿಟ್ಟು ಒಳಗಿದ್ದದ್ದನ್ನ ಮಾತ್ರ ಎತ್ತಿದೆ, ಅಪ್ಪನ ಫೋಲ್ಡರ್ ಹೆಸರು ನನಗೆ ಹಿಡಿಸಲಿಲ್ಲ ಅನ್ನೋ ಕಾರಣಕ್ಕೆ. ಪಿಕಾಸಾದ ಕೊನೇ ಆವೃತ್ತಿಗಳಲ್ಲಿ ಮುಖದ ಹೆಸರನ್ನ ಫೋಟೋದ ಒಳಗೇ ಬರೆಸೋ ಆಯ್ಕೆಯೂ ಇತ್ತಂತೆ. ಸೆಟ್ಟಿಂಗಿನಲ್ಲಿ ಒಂದು ಟಿಕ್ಕು. ನಾನು ಆ ಪುಟ ತೆಗೆದು ನೋಡಿದವಳೇ ಅಲ್ಲ.

ನನ್ನ ಫೋಟೋಗಳ ಗತಿ ಏನು ಅಂತ ಆಮೇಲೆ ಹೆದರಿಕೆ ಶುರುವಾಯ್ತು. ನಾನು ಕ್ಯಾಮೆರಾ ಹಿಡ್ಕೊಂಡು ಓಡಾಡೋಳು. ನಿಕಾನ್, ರಾ ಫೈಲು, ಲೈಟ್‌ರೂಮ್. ಆಗುಂಬೆ ಮಳೆ, ಮಂಡಗದ್ದೆ ಹಕ್ಕಿ ಅಂತ ಎಲ್ಲದಕ್ಕೂ ಕೀವರ್ಡ್ ಹಾಕಿ ಇಟ್ಟಿದ್ದೆ. ಎಲ್ಲಿ ಇಟ್ಟಿದ್ದೆ? ನೋಡಿದರೆ ಅದು ಮೂರನೇ ಜಾಗ. ಲೈಟ್‌ರೂಮ್ ಎಲ್ಲವನ್ನೂ ತನ್ನ ಕ್ಯಾಟಲಾಗಿನಲ್ಲಿ ಬರೆದುಕೊಳ್ಳುತ್ತೆ. ಫೈಲಿಗೂ ಬರಿ ಅಂತ ಹೇಳದಿದ್ದರೆ ಬರೆಯಲ್ಲ. ಡಾರ್ಕ್‌ಟೇಬಲ್‌ನಲ್ಲಿ ನನ್ನದೇ ಡಿಸ್ಕ್ ತೆಗೆದು ನೋಡಿದೆ. ಎಂಟು ಸಾವಿರ ಫೋಟೋ, ಒಂದಕ್ಕೂ ಒಂದು ಪದ ಇಲ್ಲ. ಲೈಟ್‌ರೂಮಿಗೆ ವಾಪಸ್ ಹೋಗಿ ಎಲ್ಲವನ್ನೂ ಆರಿಸಿ ಕಂಟ್ರೋಲ್-ಎಸ್ ಒತ್ತಿದೆ. ಪ್ರತಿ ರಾ ಫೈಲಿನ ಪಕ್ಕಕ್ಕೂ ಒಂದು ಎಕ್ಸ್‌ಎಂಪಿ ಫೈಲ್ ಮೊಳೆಯಿತು. ರಾ ಫೈಲಿನ ಒಳಗೆ ಕೈಹಾಕೋದು ಅಪಾಯ ಅಂತ ಪಕ್ಕದಲ್ಲಿ ಬರೆಯೋದು. ಸೊಸೆ ಬಲಗಾಲಿಟ್ಟು ಒಳಗೆ ಬಂದಮೇಲೆ ಹೊರಗೆ ನಿಂತ ಟ್ರಂಕಿನ ಹಾಗೆ ಆ ಸಣ್ಣ ಫೈಲು. ಜೊತೆಗೇ ಒಳಗೆ ತರಬೇಕು, ಮರೆತರೆ ಹೋಯ್ತು.

ಅದರಲ್ಲೂ ಒಬ್ಬೊಬ್ಬರದು ಒಂದೊಂದು ಪದ್ಧತಿ. ಲೈಟ್‌ರೂಮ್ ಫೋಟೋದ ಹೆಸರಿಗೆ ನೇರವಾಗಿ ಎಕ್ಸ್‌ಎಂಪಿ ಅಂಟಿಸುತ್ತೆ. ಡಾರ್ಕ್‌ಟೇಬಲ್ ಫೋಟೋದ ಬಾಲವನ್ನೂ ಸೇರಿಸಿಕೊಂಡು ಆಮೇಲೆ ಎಕ್ಸ್‌ಎಂಪಿ ಅಂಟಿಸುತ್ತೆ. ಕೀವರ್ಡಿನ ವಂಶವೃಕ್ಷದ್ದೂ ಅದೇ ಕಥೆ. ಲೈಟ್‌ರೂಮಿನಲ್ಲಿ ಕರ್ನಾಟಕ, ಅದರೊಳಗೆ ಮಲೆನಾಡು, ಅದರೊಳಗೆ ಆಗುಂಬೆ ಅಂತ ಚೆಂದಕ್ಕೆ ಜೋಡಿಸಿಟ್ಟಿದ್ದೆ. ಕೆಲವು ಸಾಫ್ಟ್‌ವೇರಿಗೆ ಆ ವಂಶ ಅರ್ಥವಾಗುತ್ತೆ. ಕೆಲವು ಮೂರು ಬಿಡಿ ಪದ ಅಂದುಕೊಳ್ಳುತ್ತವೆ. ಇನ್ನು ಕೆಲವು ಮಧ್ಯೆ ಗೀಟು ಹಾಕಿದ ಒಂದೇ ಉದ್ದ ಪದ ಅಂತ ತಿಳಿಯುತ್ತವೆ.

ಕನ್ನಡದಲ್ಲಿ ಬರೆದರೆ ಇನ್ನೊಂದಿಷ್ಟು ತಮಾಷೆ. ಒಂದು ಸಂಜೆ ಅಪ್ಪ ಫೋನ್ ಮಾಡಿ, "ಹಲಸಿನ ಮರಕ್ಕೆ ಏನೋ ಆಗಿದೆ ನೋಡೇ" ಅಂದ. ಅವನು ಬರೆದಿದ್ದ ಟ್ಯಾಗು "ಅಜ್ಜಿ ಮನೆಯ ಹಿತ್ತಲಿನ ಹಲಸಿನ ಮರ". ನಾನು ಪರೀಕ್ಷೆಗೆ ಹಾಕಿಕೊಟ್ಟ ಇನ್ನೊಂದು ಸಾಫ್ಟ್‌ವೇರಿನಿಂದ ಹೊರಗೆ ಬಂದಾಗ ಅದು "ಅಜ್ಜಿ ಮನೆಯ ಹಿತ್ತಲಿನ ಹಲಸ" ಅಂತ ಆಗಿ, ಕೊನೆಗೊಂದು ಪ್ರಶ್ನಾರ್ಥಕದ ಕಪ್ಪು ಗುರುತು ಕೂತಿತ್ತು. ಕಾರಣ ಐಪಿಟಿಸಿಯ ಹಳೇ ನಿಯಮ. ಒಂದು ಕೀವರ್ಡಿಗೆ 64 ಬೈಟ್ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟಾದರೆ ಯುಟಿಎಫ್-8ರಲ್ಲಿ ಕನ್ನಡದ್ದಕ್ಕೆ ಮೂರು. ಅದೂ ಗುಣಿತದ ಗುರುತು, ಒತ್ತಿನ ಗುರುತು ಎಲ್ಲ ಬೇರೆ ಬೇರೆ ಲೆಕ್ಕ. "ಅಜ್ಜಿ" ಅನ್ನೋದು ನಮಗೆ ಎರಡಕ್ಷರ, ಕಂಪ್ಯೂಟರಿಗೆ ಐದು, ಅಂದ್ರೆ 15 ಬೈಟ್. ಅಪ್ಪನ ಟ್ಯಾಗಿಗೆ ಪೂರ್ತಿ 76 ಬೈಟ್ ಬೇಕಿತ್ತು. 63ನೇ ಬೈಟಿಗೆ "ಹಲಸ" ಮುಗಿದು, ಗುಡಿಸಿನ ಮೂರರಲ್ಲಿ ಒಂದು ಪಾಲು ಹೋಗಿ ಕತ್ತರಿ ಬಿತ್ತು. ಅಪ್ಪನಿಗೆ ಇದನ್ನ ವಿವರಿಸಿದೆ. "ಟ್ರಂಕ್ ಕಾಲ್ ಥರ. ಮೂರು ನಿಮಿಷ ಆದ ಕೂಡಲೇ ಕಟ್ ಮಾಡೋರು" ಅಂದ. ಎಕ್ಸ್‌ಎಂಪಿಗೆ ಈ ಮಿತಿ ಇಲ್ಲ. ಆದರೆ ಅಪ್ಪ ಅವತ್ತಿಂದ ಹೆಸರು ಚಿಕ್ಕದಾಗಿ ಬರೆದು, ಕಥೆಯನ್ನ ಅಡಿಬರಹದಲ್ಲಿ ಬರೆಯೋಕೆ ಶುರುಮಾಡಿದ.

ಊರಿನ ಹೆಸರಿನ ಗೊಂದಲವಂತೂ ಕೇಳಲೇಬೇಡಿ. 2014ರ ನವೆಂಬರ್ 1ಕ್ಕೆ ಸರ್ಕಾರ 12 ಊರುಗಳ ಇಂಗ್ಲಿಷ್ ಹೆಸರು ಬದಲಿಸಿತಲ್ಲ, ಅದಕ್ಕೆ ಮೊದಲು ನಾನು ಇಂಗ್ಲಿಷಿನಲ್ಲಿ ಶಿಮೊಗಾ ಅಂತ ಹಾಕ್ತಿದ್ದೆ, ಆಮೇಲೆ ಶಿವಮೊಗ್ಗ ಅಂತ. ಅಪ್ಪ ಮೊದಲಿಂದಲೂ ಕನ್ನಡದಲ್ಲೇ. ಒಂದೇ ಊರಿಗೆ ಮೂರು ಕೀವರ್ಡು. ಎಲ್ಲ ಒಂದು ಮಾಡಿ ಪಟ್ಟಿ ನೋಡಿದರೆ ಕನ್ನಡದ್ದೇ ಎರಡು ಶಿವಮೊಗ್ಗ, ಪಕ್ಕಪಕ್ಕದಲ್ಲಿ, ಕಣ್ಣಿಗೆ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯ್ತು: "ಮೊ" ಬರೆಯೋಕೆ ಯೂನಿಕೋಡಿನಲ್ಲಿ ಎರಡು ದಾರಿ ಇದೆ. ಓತ್ವವನ್ನ ಒಂದೇ ಗುರುತಾಗಿ ಇಡಬಹುದು, ಅಥವಾ ಏತ್ವ, ಅದರ ಮುಂದೆ ಕೊಂಬಿನ ಇಳಿ ಅಂತ ಬಿಡಿಸಿ ಇಡಬಹುದು. ನನ್ನ ಹಳೇ ಮ್ಯಾಕ್ ಫೋಲ್ಡರಿನ ಹೆಸರನ್ನ ಬಿಡಿಸಿ ಇಡ್ತಿತ್ತು, ಆ ಹೆಸರನ್ನೇ ನಾನು ಕೀವರ್ಡ್ ಮಾಡಿಕೊಂಡಿದ್ದೆ. ನೋಡೋಕೆ ಒಂದೇ, ಹುಡುಕೋಕೆ ಎರಡು.

ಇದೆಲ್ಲ ಕಲಿತದ್ದು ಸರಿ. ಅಪ್ಪನ ಹೆಸರುಗಳು ವಾಪಸ್ ಬರಬೇಕಲ್ಲ?

2018ರ ಬೇಸಿಗೆಯಲ್ಲಿ ದಾವಣಗೆರೆಗೆ ಭಾವನ ಮನೆಗೆ ಹೋಗಿದ್ದೆ. ಟಿವಿ ಕೆಳಗಿನ ಡ್ರಾಯರಿನಲ್ಲಿ ಒಂದು ಪೆನ್‌ಡ್ರೈವು. "ಮಾವ ಕೊಟ್ಟಿದ್ದು, ಅಮ್ಮನಿಗೆ ಟಿವಿಯಲ್ಲಿ ಹಾಕಿ ತೋರಿಸು ಅಂತ. 2014ರಲ್ಲಿ ಇರಬೇಕು" ಅಂದ ಭಾವ. ಲ್ಯಾಪ್‌ಟಾಪಿಗೆ ಚುಚ್ಚಿದೆ. "ಹಳೇ ಮನೆ" ಅನ್ನೋ ಒಂದೇ ಫೋಲ್ಡರು. ಅಪ್ಪನಿಗೆ ಕಂಟ್ರೋಲ್-ಎ ಎಲ್ಲ ಗೊತ್ತಿಲ್ಲ. ಅವನು ಫೋಲ್ಡರನ್ನೇ ರೈಟ್ ಕ್ಲಿಕ್ ಮಾಡಿ ಕಳಿಸಿದ್ದ. ಹಿಡನ್ ಫೈಲ್ ತೋರಿಸು ಅನ್ನೋದಕ್ಕೆ ಟಿಕ್ ಹಾಕಿದೆ. ಮಬ್ಬು ಬಣ್ಣದಲ್ಲಿ ಮೊದಲನೇ ಸಾಲಿನಲ್ಲೇ ಕೂತಿತ್ತು, ಡಾಟ್ ಪಿಕಾಸಾ ಡಾಟ್ ಐಎನ್ಐ.

ನೋಟ್‌ಪ್ಯಾಡಿನಲ್ಲಿ ತೆಗೆದೆ. ಪ್ರತಿ ಫೋಟೋದ ಹೆಸರು, ಅದರ ಕೆಳಗೆ ಮುಖಗಳ ಸಾಲು. ಒಂದೊಂದು ಮುಖಕ್ಕೂ ಹದಿನಾರು ಅಕ್ಷರದ ಒಂದು ಸಂಖ್ಯೆ. ನಾಲ್ಕು ನಾಲ್ಕಾಗಿ ಒಡೆದರೆ ಆ ಮುಖದ ಚೌಕದ ಎಡ, ಮೇಲು, ಬಲ, ಕೆಳ. ಅದರ ಮುಂದೆ ಅವರಿಗೊಂದು ಗುರುತಿನ ನಂಬರು. ಫೈಲಿನಲ್ಲೇ ಇನ್ನೊಂದು ಕಡೆ ಆ ನಂಬರು ಯಾರದು ಅನ್ನೋ ಪಟ್ಟಿ. ಕನ್ನಡದಲ್ಲಿ. ಕೊಪ್ಪದ ದೊಡ್ಡಪ್ಪ. ಕಮ್ಮರಡಿ ಅತ್ತೆ. ಕಮ್ಮರಡಿ ಅತ್ತೆ ಮೈದುನ. ಭಾವನಿಗೆ ನೋಡು ಅಂತ ಸ್ಕ್ರೀನ್ ತಿರುಗಿಸಿದೆ. ಅವನಿಗೆ ಬರೀ ಅಂಕಿ ಅಕ್ಷರ ಕಂಡಿತು. "ಯಾಕೆ ಅಳ್ತಿದೀಯ ಮಾರಾಯ್ತಿ?" ಅಂದ.

412 ಫೋಟೋ, 93 ಜನ. ಎರಡು ವಾರಾಂತ್ಯ ಕೂತು ಒಂದು ಸ್ಕ್ರಿಪ್ಟ್ ಬರೆದೆ. ಎಕ್ಸಿಫ್‌ಟೂಲ್ ಅಂತ ಒಂದು ಪುಕ್ಕಟೆ ಸಾಧನ ಇದೆ. ಕಪ್ಪು ಪರದೆ, ಕಮಾಂಡು, ನೋಡೋಕೆ ಒಂಚೂರೂ ಚೆಂದ ಇಲ್ಲ, ಆದರೆ ಫೋಟೋದ ಯಾವ ಜೇಬಿಗೆ ಬೇಕಾದರೂ ಕೈ ಹಾಕುತ್ತೆ. ಅದರಿಂದ ಪ್ರತಿ ಮುಖದ ಚೌಕವನ್ನೂ ಹೆಸರನ್ನೂ ಎಕ್ಸ್‌ಎಂಪಿ ಜೇಬಿಗೆ ಬರೆದೆ. ಮುಖದ ಚೌಕ ಗೊತ್ತಿಲ್ಲದ ಸಾಫ್ಟ್‌ವೇರಿಗೂ ಸಿಗಲಿ ಅಂತ ಅದೇ ಹೆಸರನ್ನ ಸಾದಾ ಕೀವರ್ಡಾಗಿಯೂ ಬರೆದೆ. ಮೊದಲು ಪ್ರತಿ ಇಟ್ಟುಕೊಂಡು, ಹತ್ತು ಫೋಟೋಗೆ ಬರೆದು, ಡಿಜಿಕ್ಯಾಮ್‌ನಲ್ಲಿ ತೆಗೆದು, ಲೈಟ್‌ರೂಮ್‌ನಲ್ಲಿ ತೆಗೆದು, ಎರಡರಲ್ಲೂ ಕಂಡಮೇಲೆ ಉಳಿದದ್ದಕ್ಕೆ ಕೈಹಾಕಿದೆ. 2016ರಲ್ಲೇ ಮಾಡಬೇಕಿದ್ದ ಕೆಲಸ.

ಆದರೆ ಇದು ಒಂದು ಫೋಲ್ಡರಿನ ಕಥೆ. "ಹಳೇ ಮನೆ 2", "ಅಕ್ಕ ತಂದಿದ್ದು" ಯಾರ ಪೆನ್‌ಡ್ರೈವಿನಲ್ಲೂ ಇರಲಿಲ್ಲ. ಸಾವಿರದ ಹತ್ತಿರ ಹತ್ತಿರ ಫೋಟೋ. ಅದರಲ್ಲಿ ಅರ್ಧ ಮುಖ ದೊಡ್ಡತ್ತೆಗೆ ಮಾತ್ರ ಗೊತ್ತಿದ್ದದ್ದು.

ಈಗ ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಅಪ್ಪ ನಾನು ವೀಡಿಯೊ ಕಾಲಿನಲ್ಲಿ ಕೂರ್ತೀವಿ. ನಾನು ಸ್ಕ್ರೀನ್ ಶೇರ್ ಮಾಡ್ತೀನಿ, ಅವನು ಹೇಳ್ತಾನೆ, ನಾನು ಬರೀತೀನಿ. ಮೊದಲ ದಿನವೇ ಜಗಳ. ಅಪ್ಪ "ದೊಡ್ಡಕ್ಕ" ಅಂತ ಬರೆಸಿದ. ನನಗೆ ಅವಳು ದೊಡ್ಡತ್ತೆ, ಭಾವನಿಗೆ ಅಮ್ಮ, ಭಾವನ ಮಗಳಿಗೆ ಅಜ್ಜಿ. ನಮ್ಮ ಫೋಟೋಗಳಲ್ಲಿ ಯಾರಿಗೂ ಹೆಸರೇ ಇಲ್ಲ ನೋಡಿ, ಎಲ್ಲರೂ ಯಾರಿಗೋ ಏನೋ ಆಗಬೇಕಾದವರು. ಅಪ್ಪನ ಕಮ್ಮರಡಿ ಅತ್ತೆ ನನಗೇನಾಗಬೇಕು ಅಂತ ಹೇಳೋಕೆ ನನಗೂ ಬೆರಳು ಮಡಿಸಬೇಕು. ಇಪ್ಪತ್ತು ವರ್ಷ ಆದಮೇಲೆ ಇದನ್ನ ಹುಡುಕೋರು ಯಾರ ಲೆಕ್ಕದಲ್ಲಿ ಹುಡುಕ್ತಾರೆ? ಕೊನೆಗೆ ಒಪ್ಪಂದ ಆಯ್ತು. ಕೀವರ್ಡಿನಲ್ಲಿ ಅವರ ಸ್ವಂತ ಹೆಸರು, ಊರು. ಸಂಬಂಧ ಎಲ್ಲ ಅಡಿಬರಹದಲ್ಲಿ. ಕಮ್ಮರಡಿ ಅತ್ತೆಯ ಸ್ವಂತ ಹೆಸರು ಅಪ್ಪನಿಗೆ ಗೊತ್ತಿರಲಿಲ್ಲ. ನಾಲ್ಕು ಫೋನ್ ಮಾಡಿ, ಮುಂದಿನ ಭಾನುವಾರದೊಳಗೆ ತಿಳಿದುಕೊಂಡು ಬಂದ.

ತಾರೀಖು ಇನ್ನೊಂದು ರಗಳೆ. ಸ್ಕ್ಯಾನ್ ಮಾಡಿದ ದಿನವೇ ಫೋಟೋದ ದಿನ ಅಂತ ಕೂತಿರುತ್ತೆ. ನಮ್ಮ ಅಜ್ಜ ಅಜ್ಜಿ 2011ರಲ್ಲಿ ಯುವಕರಾಗಿದ್ದರು, ನನ್ನ ಕಾಲೇಜಿನ ಫೋಟೋಗಳ ನಂತರ. ತೆಗೆದ ದಿನ, ಡಿಜಿಟಲ್ ಮಾಡಿದ ದಿನ ಅಂತ ಎಕ್ಸಿಫ್‌ನಲ್ಲಿ ಎರಡು ಮನೆ ಇವೆ. ಮೊದಲನೆಯದನ್ನ ತಿದ್ದಬೇಕು. ಎಕ್ಸ್‌ಎಂಪಿಯಲ್ಲಾದರೆ ಬರೀ ಇಸವಿ ಬರೆದರೂ ನಡೆಯುತ್ತೆ. ಆದರೆ "ಇಸವಿ ಎಷ್ಟು ಅಪ್ಪ?" ಅಂದರೆ, "ದೊಡ್ಡ ನೆರೆ ಬಂದ ಮರುವರ್ಷ" ಅನ್ನೋನಿಗೆ ಯಾವ ಮನೆ ಕೊಡೋದು? ಅದನ್ನೂ ಅಡಿಬರಹದಲ್ಲೇ ಬರೆದೆ.

ಗೊತ್ತಿಲ್ಲದ ಮುಖ ಬಂದಾಗ ಮೊದಮೊದಲು ಅಪ್ಪ ಬೇಜಾರಾಗಿ ಸುಮ್ಮನಾಗೋನು. ಒಂದು ದಿನ ಎದ್ದು ಹೋದವನು ಟ್ರಂಕಿನಿಂದ ಆ ಫೋಟೋದ ಅಸಲನ್ನೇ ತಂದು ಕ್ಯಾಮೆರಾ ಮುಂದೆ ಹಿಡಿದ. "ಹಿಂದುಗಡೆ ಏನೋ ಇದೆ, ಓದು" ಅಂದ. ಮಸುಕಾದ ಪೆನ್ಸಿಲ್ಲು, ಅಜ್ಜನ ಕೈಬರಹ. ಎರಡು ಹೆಸರು, ಒಂದು ಇಸವಿ: 1958. ಆರು ವರ್ಷ ಸ್ಕ್ಯಾನ್ ಮಾಡುವಾಗ ಅಪ್ಪ ಮುಂದುಗಡೆ ಮಾತ್ರ ಮಾಡಿದ್ದ. ಹಿಂದೆ ತಿರುಗಿಸಿ ನೋಡೋ ಪ್ರಮೇಯವೇ ಬಂದಿರಲಿಲ್ಲ, ಪಕ್ಕದಲ್ಲಿ ದೊಡ್ಡತ್ತೆ ಇದ್ದಳಲ್ಲ.

ಈಗ ಎಲ್ಲವನ್ನೂ ತಿರುಗಿಸಿ ನೋಡ್ತಿದ್ದಾನೆ. ಕೆಲವದರ ಹಿಂದೆ ಹೆಸರಿದೆ. ಕೆಲವದರ ಹಿಂದೆ ಸ್ಟುಡಿಯೋದ ಮುದ್ರೆ ಬಿಟ್ಟು ಏನಿಲ್ಲ. ಗೋಂದಿನಿಂದ ಅಂಟಿಸಿದವನ್ನ ಎಬ್ಬಿಸಿದರೆ ಆಲ್ಬಮ್ಮಿನ ಕಪ್ಪು ಕಾಗದ ಕಿತ್ತುಕೊಂಡು ಬರುತ್ತೆ, ಅದರಡಿ ಅಕ್ಷರ ಇದ್ದರೂ ಸಿಗಲ್ಲ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಅದೇ ನಂಬರಿನ ಮುಂದೆ "ಹಿಂದೆ" ಅಂತ ಸೇರಿಸಿ ಇಡೋದು ಈಗಿನ ಪದ್ಧತಿ. ಯಾವುದೂ ಸಿಗದಿದ್ದಾಗ ನಾವು ಹಾಕೋ ಕೀವರ್ಡು "ಕೇಳಬೇಕು". ಇವತ್ತಿಗೆ ಅದರಲ್ಲಿ 218 ಫೋಟೋ ಇವೆ. ಕೇಳೋಕೆ ಯಾರೂ ಉಳಿದಿಲ್ಲ ಅನ್ನೋದು ಇಬ್ಬರಿಗೂ ಗೊತ್ತು. ಆದರೂ ಅಪ್ಪ ಯಾರ ಮದುವೆಗೆ ಹೋದರೂ ಫೋನಿನಲ್ಲಿ ಅವನ್ನ ಹಾಕ್ಕೊಂಡು ಹೋಗ್ತಾನೆ, ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹಿರಿಯರಿಗೆ ತೋರಿಸ್ತಾನೆ. ಹೋದ ವರ್ಷ ಹೀಗೆ ಹನ್ನೊಂದು ಜನಕ್ಕೆ ಹೆಸರು ಸಿಕ್ಕಿತು.

ಹೊಸ ಫೋಟೋಗಳ ಕಾಟ ಬೇರೆ ಥರ. ತಮ್ಮನ ಐಫೋನಿಂದ ಬರೋದು ಎಚ್‌ಇಐಸಿ. 2017ರಿಂದ ಅದೇ ಅದರ ಮಾಮೂಲು ನಮೂನೆ, ಅಪ್ಪನ ಲ್ಯಾಪ್‌ಟಾಪಿನಲ್ಲಿ ತೆಗೆಯಲ್ಲ. ಜೆಪೆಗ್ ಮಾಡಿ ಕೊಡಬೇಕು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಜೇಬೆಲ್ಲ ಖಾಲಿಯಾಗಿ ಬರುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಬರೆದದ್ದು ಉಳಿಯುತ್ತೆ. ಇದನ್ನ ನಮ್ಮ ಮನೆಯ ಗ್ರೂಪಿನಲ್ಲಿ ಎಲ್ಲರಿಗೂ ಪಾಠ ಮಾಡಿದವನು ಅಪ್ಪ. ಯಾರಾದರೂ ನಾಮಕರಣದ ಫೋಟೋ ಸುಮ್ಮನೆ ಹಾಕಿದರೆ, "ಡಾಕ್ಯುಮೆಂಟ್ ಮಾಡಿ ಕಳಿಸಿ" ಅಂತ ಕೆಳಗೆ ಅಪ್ಪನ ಮೆಸೇಜು ಇರುತ್ತೆ. ಕೆಲವರು ಮ್ಯೂಟ್ ಮಾಡಿದ್ದಾರೆ ಅಂತ ಸುದ್ದಿ.

ಕಳೆದ ತಿಂಗಳು ಅಪ್ಪನ ಲ್ಯಾಪ್‌ಟಾಪ್ ಮತ್ತೆ ನಿಧಾನ ಆಗಿದೆ. ಹೊಸದು ತಗೊಳ್ಳೋಣ, ಬಂದು ಹಾಕಿಕೊಡ್ತೀನಿ ಅಂದೆ. ಅಪ್ಪ ಹೂಂ ಅಂದ. ಆಮೇಲೆ ಸ್ವಲ್ಪ ತಡೆದು, "ಹೆಸರೆಲ್ಲ ಒಳಗೆ ಬರ್ದಿದೆಯಾ, ಹೊರಗೆ ಬರ್ದಿದೆಯಾ?" ಅಂತ ಕೇಳಿದ.

"ಒಳಗೇ ಬರ್ದಿದೀನಿ ಅಪ್ಪ."

"ಆಯ್ತು. ಆದ್ರೂ ಈ ಸಲ ಹಳೇದನ್ನ ಅವತ್ತೇ ಯಾರಿಗೂ ಕೊಡೋದು ಬೇಡ. ರಾತ್ರಿ ಬಸ್ಸಿಗೆ ಹೊರಡಬೇಡ. ಎರಡು ದಿನ ಇರು. ಇಬ್ಬರೂ ಕೂತು ನೋಡಿಯೇ ಬಿಡೋಣ" ಅಂದ.

ರಜೆ ಹಾಕಿದ್ದೀನಿ. ಎರಡಲ್ಲ, ನಾಲ್ಕು ದಿನ.